ಮೂರು ಕಾಗದದ ತುಂಡು, ಒಂದು ಇ-ರೀಡರ್

ಹೋದ ವರ್ಷ ಮಳೆಗಾಲಕ್ಕೆ ಮುಂಚೆ ಒಂದು ಇ-ಬುಕ್ ರೀಡರ್ ಕೊಂಡೆ. 6 ಇಂಚಿನದು. ನಮ್ಮ ಶಿರಸಿಯಲ್ಲಿ ಮಳೆ ಹಿಡಿದರೆ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಅಂತ ಹೇಳೋಕಾಗಲ್ಲ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುತ್ತದೆ ಅಂದರು. ಅಷ್ಟಕ್ಕೇ ಮರುಳಾದೆ.

ಆ ಮಾತೇನೂ ಸುಳ್ಳಲ್ಲ. ಈ ರೀಡರಿಗೆ ಇರುವುದು ಇ-ಇಂಕ್ ಪರದೆ. ಅದರೊಳಗೆ ಕಪ್ಪು, ಬಿಳಿ ಬಣ್ಣದ ಸಣ್ಣ ಸಣ್ಣ ಕಣಗಳಿರುತ್ತವೆ. ಪುಟ ತಿರುಗಿಸುವಾಗ ಅವು ಜಾಗ ಬದಲಿಸೋಕೆ ಮಾತ್ರ ಕರೆಂಟು ಬೇಕು. ಆಮೇಲೆ ಅಕ್ಷರ ಸುಮ್ನೆ ನಿಂತಿರುತ್ತದೆ.

ಮೊದಲ ರಾತ್ರಿಯೇ, ಆರ್ಕೈವ್ ಡಾಟ್ ಆರ್ಗ್‌ನಿಂದ ಇಳಿಸಿಟ್ಟಿದ್ದ ಹಳೇ ಕಾದಂಬರಿ ತೆರೆದೆ. ಸ್ಕ್ಯಾನ್ ಮಾಡಿದ ಪಿಡಿಎಫ್. ಪುಟ ಪೂರ್ತಿ ಬಂತು, ಆದರೆ ಸಾಸಿವೆ ಚೆಲ್ಲಿದ ಹಾಗೆ. ಇಂಗ್ಲಿಷ್ ಆಗಿದ್ದರೆ ಹೇಗೋ ಓದಬಹುದಿತ್ತೇನೋ. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಅದೇ ಮೊದಲು ಮಾಯ. ‘ದ’ಗೂ ‘ಧ’ಗೂ ಇರುವ ವ್ಯತ್ಯಾಸ ಬುಡದಲ್ಲಿ ಒಂದು ಸೀಳು. ‘ಪ’ಗೂ ‘ಷ’ಗೂ ಹೊಟ್ಟೆಯಲ್ಲೊಂದು ಗೀಟು. ನನ್ನದು ಚಾಳೀಸು ಬಂದ ಕಣ್ಣು ಬೇರೆ. ಹಿಗ್ಗಿಸಿದರೆ ಸಾಲಿನ ಕೊನೆ ಆಚೆ ಹೋಗುತ್ತದೆ. ಎಡಕ್ಕೆ ಎಳಿ, ಬಲಕ್ಕೆ ಎಳಿ. ಎಳೆದಾಗಲೆಲ್ಲ ಪರದೆ ಒಮ್ಮೆ ಕಪ್ಪಾಗಿ ಮಿಟುಕುತ್ತದೆ.

ಇನ್ನೊಂದು ಪುಸ್ತಕ ‘ನುಡಿ’ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟಿನಲ್ಲಿ ಮಾಡಿದ್ದು, ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಲ್ಲ. ಅಕ್ಷರ ದೊಡ್ಡದಾಗಲಿ ಅಂತ ಅದನ್ನು ಇ-ಬುಕ್ಕಿಗೆ ಕನ್ವರ್ಟ್ ಮಾಡಿ ಹಾಕಿದೆ. ತಲೆ ಮೇಲೆ ಚುಕ್ಕೆ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ದಂಡೇ ಬಂತು. ಮಗಳು ಇಣುಕಿ, “ಅಮ್ಮಾ, ಇದು ಯಾವ ದೇಶದ್ದು?” ಅಂದಳು. ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಮನೆಯಲ್ಲಿ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಫಾಂಟು ಹೋದರೆ ಕನ್ನಡವೂ ಹೋಯಿತು.

ದುಡ್ಡು ಕೊಟ್ಟು ಕೊಳ್ಳೋಣ ಅಂದರೆ ಅದೂ ಬೇರೆ ಕಥೆ. 2016ರಲ್ಲಿ ಅಮೆಜಾನ್‌ನವರ ಇ-ಪುಸ್ತಕದ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳು ಬಂದವು. ಆ ಐದರಲ್ಲಿ ನಮ್ಮದಿರಲಿಲ್ಲ. ನಮ್ಮ ಇ-ಪುಸ್ತಕ ಜಾಸ್ತಿ ಸಿಗುವುದು ಮೈಲ್ಯಾಂಗ್‌ನಂಥ ಆ್ಯಪ್‌ಗಳಲ್ಲಿ. ಅದಕ್ಕೆ ಆಂಡ್ರಾಯ್ಡ್ ಇರುವ ರೀಡರೇ ಬೇಕು.

ಒಂದು ಭಾನುವಾರ ಮಗಳ ಕಂಪಾಸ್ ಬಾಕ್ಸಿನಿಂದ ಸ್ಕೇಲು ತೆಗೆದೆ. ಈ ಕೆಲಸ ಕೊಳ್ಳುವ ಮುಂಚೆ ಮಾಡಬೇಕಿತ್ತು, ಅಲ್ವಾ? ನಮ್ಮ ಕಾದಂಬರಿಗಳು ಹೆಚ್ಚಾಗಿ ಡೆಮಿ 1/8 ಅಳತೆಯವು. ಅಂದರೆ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಎತ್ತರ. 6 ಇಂಚಿನ ಪರದೆ ಅಂದರೆ ಮೂಲೆಯಿಂದ ಮೂಲೆಗೆ 6. ಅಗಲ ಬರೀ 3.6, ಎತ್ತರ 4.8. ಪುಟ ಅರ್ಧಕ್ಕಿಂತ ಚೂರು ಜಾಸ್ತಿಗೆ ಕುಗ್ಗಿದೆ.

ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ 6, 7.8, 10.3 ಇಂಚಿನ ಪರದೆಗಳ ಅಳತೆಗೆ ಮೂರು ತುಂಡು ಮಾಡಿದೆ. ಪುಸ್ತಕದ ಮೇಲೆ ಒಂದೊಂದಾಗಿ ಇಟ್ಟೆ. ದೊಡ್ಡ ತುಂಡು ಹೆಚ್ಚುಕಮ್ಮಿ ಇಡೀ ಪುಟ ಮುಚ್ಚಿತು. ಮಧ್ಯದ್ದು ಅಂಚಿನ ಖಾಲಿ ಜಾಗ ಬಿಟ್ಟರೆ ಅಚ್ಚಾದ ಭಾಗಕ್ಕೆ ಒಂದೆರಡು ಸಾಲಷ್ಟೇ ಕಮ್ಮಿ. ಅಂಚು ಕತ್ತರಿಸಿ ತೋರಿಸುವ ಸೌಲಭ್ಯ ಇದ್ದರೆ ಇದೇ ಸಾಕು. ನಾನು ಮಲಗಿಕೊಂಡು ಓದುವವಳು, 10.3 ಇಂಚಿನದು ಮುಖದ ಮೇಲೆ ಬಿದ್ದರೆ ಮೂಗು ಉಳಿಯಲ್ಲ.

7.8 ಇಂಚಿನ ಆಂಡ್ರಾಯ್ಡ್ ರೀಡರ್ ತರಿಸಿದೆ. ಓದೋಕೆ ಸುಖ. ಬ್ಯಾಟರಿ ಮಾತ್ರ ನಾಲ್ಕೈದು ದಿನಕ್ಕೇ ಮುಗಿಯುತ್ತದೆ. ಯಾವುದಕ್ಕೆ ಅಂತ ಹೊರಟಿದ್ದೆನೋ ಅದೇ ಕೈಬಿಟ್ಟಿತು. ಕರೆಂಟು ಇದ್ದಾಗ ಮರೆಯದೆ ಚಾರ್ಜಿಗೆ ಹಾಕುತ್ತೇನೆ. 6 ಇಂಚಿನದು ಮಗಳ ಪಾಲಾಯಿತು. ಅವಳ ಇಂಗ್ಲಿಷ್ ಕಾದಂಬರಿಗಳಿಗೆ ಅದರಷ್ಟು ಒಳ್ಳೇದು ಇನ್ನೊಂದಿಲ್ಲ, ಅಕ್ಷರ ಬೇಕಾದಷ್ಟು ದೊಡ್ಡದು ಮಾಡಿಕೊಳ್ಳಬಹುದು.

ಮೊನ್ನೆ ಆಫೀಸಿನಲ್ಲಿ ಜೊತೆಯವಳು ಕೇಳಿದಳು, “ಅಕ್ಕಾ, ನಂಗೂ ಒಂದು ಬೇಕು. ಯಾವ ಕಂಪನೀದು ತಗೊಳ್ಳಲಿ?” ಏನು ಓದುತ್ತೀ ಅಂದೆ. ವಾರಪತ್ರಿಕೆಗಳ ಪಿಡಿಎಫ್ ಅಂದಳು. ಮೂರೂ ತುಂಡು ಬ್ಯಾಗಿನಲ್ಲೇ ಇದ್ದವು. ಅವಳ ಮೇಜಿನ ಮೇಲಿದ್ದ ಪತ್ರಿಕೆ ಮೇಲೆ ಇಟ್ಟು ನೋಡಿದೆವು. ದೊಡ್ಡ ತುಂಡೂ ಸಾಲಲಿಲ್ಲ.