ಸಿಡಿಎಸ್ ಇಂಗ್ಲಿಷ್: ಪದಪಟ್ಟಿ ಪಕ್ಕಕ್ಕಿಟ್ಟ ಮೇಲೆ

ಸಿಡಿಎಸ್ ಅಂದ್ರೆ ಸೇನಾಪಡೆಗಳ ಅಧಿಕಾರಿ ಹುದ್ದೆಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆ. ನಾನು ಬರೆಯುತ್ತಿರುವುದು ಚೆನ್ನೈನ ಓಟಿಎಗೆ, ಅಂದ್ರೆ ಸೇನಾಧಿಕಾರಿಗಳ ತರಬೇತಿ ಅಕಾಡೆಮಿಗೆ. ಅದಕ್ಕೆ ಗಣಿತದ ಪೇಪರ್ ಇಲ್ಲ. ಇಂಗ್ಲಿಷ್‌ಗೆ 100, ಜಿಕೆಗೆ 100. ಅಂದ್ರೆ ಲಿಖಿತ ಪರೀಕ್ಷೆಯಲ್ಲಿ ಅರ್ಧ ಅಂಕ ಇಂಗ್ಲಿಷ್‌ನದ್ದೇ. 2 ಗಂಟೆಯಲ್ಲಿ 120 ಪ್ರಶ್ನೆ, ತಪ್ಪಾದರೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಟ್. ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇದು ಸುಮ್ನೆ ದಾಟುವ ಪೇಪರ್ ಅಲ್ಲ.

ಅಕ್ಷರಮಾಲೆ ಕ್ರಮದ ಪದಪಟ್ಟಿ ನನಗೆ ಒಗ್ಗಲಿಲ್ಲ. ಅಬೇಟ್, ಅಬೆಟ್ ಎರಡೂ ಅಕ್ಕಪಕ್ಕ ಕೂತಿರುತ್ತವೆ. ಒಂದು ಅಂದ್ರೆ ಕಮ್ಮಿಯಾಗು, ಇನ್ನೊಂದು ಅಂದ್ರೆ ಕೆಟ್ಟ ಕೆಲಸಕ್ಕೆ ಕುಮ್ಮಕ್ಕು ಕೊಡು. ರಾತ್ರಿ ಓದಿದ್ದು ಬೆಳಗ್ಗೆ ಕಲಸುಮೇಲೋಗರ.

ಈಗ ನೋಟ್‌ಬುಕ್‌ನಲ್ಲಿ ಒಂದು ಅರ್ಥಕ್ಕೆ ಒಂದು ಪುಟ. ದುಡ್ಡು ಖರ್ಚು ಮಾಡದವರ ಪುಟದಲ್ಲಿ ಫ್ರೂಗಲ್, ಥ್ರಿಫ್ಟಿ, ಸ್ಟಿಂಜಿ, ಮೈಸರ್ಲಿ. ಎದುರು ಪುಟದಲ್ಲಿ ಲ್ಯಾವಿಶ್, ಎಕ್ಸ್‌ಟ್ರಾವಗಂಟ್, ಪ್ರಾಡಿಗಲ್. ಜೊತೆಗೆ ಪ್ರತಿ ಪದದ ಮುಂದೆ ಪ್ಲಸ್ ಅಥವಾ ಮೈನಸ್ ಗುರುತು: ಫ್ರೂಗಲ್ ಅಂದ್ರೆ ಕೈ ಹಿಡಿತ ಇರೋ ಮನುಷ್ಯ, ಅದು ಪ್ಲಸ್, ಮೈಸರ್ಲಿ ಅಂದ್ರೆ ಶುದ್ಧ ಜಿಪುಣ, ಮೈನಸ್. ವಾಕ್ಯ ಹೊಗಳುತ್ತಿದೆಯಾ ಬೈಯುತ್ತಿದೆಯಾ ಅಂತ ಗೊತ್ತಾದರೆ ಎಷ್ಟೋ ಸಲ ಎರಡು ಆಯ್ಕೆ ಅಲ್ಲೇ ಬಿದ್ದುಹೋಗುತ್ತವೆ, ಪದದ ಪೂರ್ತಿ ಅರ್ಥ ಗೊತ್ತಿಲ್ಲದಿದ್ದರೂ ನಡೆಯುತ್ತದೆ.

ಎದುರುಪದದ ಪ್ರಶ್ನೆಗಳಲ್ಲಿ ಇದು ಇನ್ನೂ ಜಾಸ್ತಿ ಉಪಯೋಗ. ಫ್ರೂಗಲ್‌ಗೆ ಎದುರುಪದ ಕೇಳಿ, ಆಯ್ಕೆಗಳಲ್ಲಿ ಥ್ರಿಫ್ಟಿಯನ್ನೂ ಇಟ್ಟರೆ ಅವಸರದಲ್ಲಿ ಕಣ್ಣು ಮೊದಲು ಹೋಗೋದು ಅಲ್ಲಿಗೇ, ಅಲ್ವಾ? ಅದಕ್ಕೇ ಆಯ್ಕೆ ನೋಡೋಕೆ ಮುಂಚೆ ಪ್ರಶ್ನೆಯ ಮೇಲೆ 'ಉಲ್ಟಾ' ಅಂತ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ.

ಲ್ಯಾಟಿನ್ ಬೇರುಗಳನ್ನೂ ಸ್ವಲ್ಪ ಸೇರಿಸಿದ್ದೇನೆ. ಬೆನೆ ಅಂದ್ರೆ ಒಳ್ಳೆಯದು, ಮ್ಯಾಲೆ ಅಂದ್ರೆ ಕೆಟ್ಟದ್ದು. ಬೆನೆವೊಲೆಂಟ್, ಮ್ಯಾಲೆವೊಲೆಂಟ್ ಎರಡೂ ಒಟ್ಟಿಗೆ ಬಂದವು. ಕ್ಯಾಂಡಿಡ್ ಮತ್ತು ಕ್ಯಾಂಡಿಡೇಟ್ ಒಂದೇ ಬೇರಿನವು, ಬಿಳಿ ಅನ್ನೋ ಅರ್ಥದ ಪದದಿಂದ. ರೋಮ್‌ನಲ್ಲಿ ಚುನಾವಣೆಗೆ ನಿಂತವರು ಬಿಳಿ ಬಟ್ಟೆ ಹಾಕುತ್ತಿದ್ದರಂತೆ. ನಮ್ಮಲ್ಲೂ ಹಾಕ್ತಾರೆ ಬಿಡಿ.

ನುಡಿಗಟ್ಟುಗಳಿಗೆ ಮಾತ್ರ ಯಾವ ಉಪಾಯವೂ ನಡೆಯಲ್ಲ. 'ಗೆಟ್ ಕೋಲ್ಡ್ ಫೀಟ್' ಅಂದ್ರೆ ಕೊನೇ ಗಳಿಗೆಯಲ್ಲಿ ಹಿಂಜರಿಯೋದು ಅಂತ ಯಾವ ಬೇರು ಹಿಡಿದು ಕಂಡುಹಿಡಿಯೋದು? ಬಾಯಿಪಾಠವೇ ಗತಿ.

ಯುಪಿಎಸ್‌ಸಿ ವೆಬ್‌ಸೈಟ್‌ನಲ್ಲಿ ಹಳೆ ಪೇಪರ್ ಬಿಟ್ಟಿ ಸಿಗುತ್ತವೆ, ಪುಟಗಳಿಗೆ ಹೊಸ ಪದ ಬರೋದು ಅಲ್ಲಿಂದಲೇ. ಮುಂದಿನ ವಾರದಿಂದ ಗಡಿಯಾರ ಇಟ್ಟುಕೊಂಡು ಪೂರ್ತಿ ಪೇಪರ್ ಬಿಡಿಸೋದು.