ಮದ್ದೂರು ಸ್ಟೇಷನ್, 1976, ಆರಡಿ ಹಲಗೆಯ ಮೇಲೆ

ಇದೆಲ್ಲ ಶುರುವಾಗಿದ್ದು ಒಂದು ನೀಲಿ ಡಬ್ಬಿಯಿಂದ.

ಮೂರು ವರ್ಷದ ಹಿಂದೆ ಮನೆಯ ಚಿಕ್ಕ ರೂಮಿನಲ್ಲಿ ಆರಡಿ ಉದ್ದ, ಎರಡಡಿ ಅಗಲದ ಪ್ಲೈವುಡ್ ಹಾಕಿಕೊಂಡು ಮದ್ದೂರು ಸ್ಟೇಷನ್ನಿನ ಪುಟ್ಟ ಮಾಡೆಲ್ ಮಾಡಲು ಕೂತೆ. ಮೀಟರ್ ಗೇಜ್ ಕಾಲದ, ಅಂದರೆ ಎರಡು ಕಂಬಿಯ ನಡುವೆ ಒಂದೇ ಮೀಟರ್ ಅಂತರವಿದ್ದ ಕಾಲದ ಮದ್ದೂರು. ಮುಂದೆ ವೈಪಿ ಅನ್ನುವ ಕಲ್ಲಿದ್ದಲಿನ ಇಂಜಿನ್, ಹಿಂದೆ ನಾಲ್ಕು ನೀಲಿ ಬೋಗಿ. ಚಿಕ್ಕವನಿದ್ದಾಗ ಅಜ್ಜಿ ಮನೆಗೆ ಹೋಗುತ್ತಿದ್ದದ್ದು ಅದೇ ರೈಲಿನಲ್ಲಿ, ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ದೊಡ್ಡಪ್ಪ ಬಂದಿದ್ದಾಗ ಹೆಮ್ಮೆಯಿಂದ ಕರೆದುಕೊಂಡು ಹೋಗಿ ತೋರಿಸಿದೆ. ಅವರು ಬೆಂಗಳೂರು–ಮೈಸೂರು ಲೈನಿನಲ್ಲೇ ಗಾರ್ಡ್ ಆಗಿದ್ದವರು. ಈಗ ಎಂಬತ್ತು ದಾಟಿದೆ. ಕನ್ನಡಕ ಹಣೆಗೇರಿಸಿ, ಬಗ್ಗಿ, ಹತ್ತಿರದಿಂದ ನೋಡಿದರು.

"ಸ್ಟೀಮ್ ಇಂಜಿನ್ನಿಗೆ ನೀಲಿ ಡಬ್ಬಿ ಯಾವನೋ ಹಾಕಿದ್ದು?"

"ನಾನೇ ನೋಡಿದೀನಿ ದೊಡ್ಡಪ್ಪ."

"ಕನಸಲ್ಲಿ ನೋಡಿರಬೇಕು. ಕೆಂಪು ಕಣೋ. ಇಟ್ಟಿಗೆ ಕೆಂಪು."

ಅವರು ಹೇಳಿದ್ದೇ ಸರಿ. ನಮ್ಮ ರೈಲುಗಳಿಗೆ ನೀಲಿ ಬಣ್ಣ ಬಂದಿದ್ದು 90ರ ದಶಕದಲ್ಲಿ. ಅಷ್ಟು ಹೊತ್ತಿಗೆ ಮೈಸೂರು ಲೈನ್ ಬ್ರಾಡ್ ಗೇಜ್ ಆಗಿಬಿಟ್ಟಿತ್ತು. ಅಂದರೆ ಆರು ವರ್ಷದ ಹುಡುಗನಾಗಿ ನೋಡಿದ ಇಂಜಿನ್ನಿಗೆ ಕೆಲಸಕ್ಕೆ ಸೇರಿದ ಮೇಲೆ ನೋಡಿದ ಬೋಗಿಯನ್ನು ನನ್ನ ತಲೆಯೇ ಜೋಡಿಸಿಬಿಟ್ಟಿತ್ತು, ಅದೂ ಎಷ್ಟು ನೀಟಾಗಿ ಅಂದರೆ ಆ ನೀಲಿ ಬೋಗಿಯ ಕಿಟಕಿಯಿಂದ ಕಣ್ಣಿಗೆ ಕಲ್ಲಿದ್ದಲ ಚೂರು ಬಿದ್ದ ನೆನಪು ಕೂಡ ನನಗಿದೆ!

ಅವತ್ತು ರಾತ್ರಿಯೇ ಒಂದು ತೀರ್ಮಾನ ಮಾಡಿದೆ. "ಹಳೇ ಕಾಲ" ಅಂದರೆ ಆಗುವುದಿಲ್ಲ, ಒಂದು ವರ್ಷ ಹಿಡಿಯಬೇಕು. ಆ ವರ್ಷ ಇರಲು ಸಾಧ್ಯವೇ ಇಲ್ಲದ ಯಾವುದೂ ಹಲಗೆ ಮೇಲೆ ಇರಬಾರದು. 1976, ಬೇಸಿಗೆ.

ವರ್ಷ ಗೊತ್ತಾದ ಮೇಲೆ ಎಷ್ಟೋ ವಿಷಯ ತಾವಾಗೇ ಇತ್ಯರ್ಥವಾದವು. ಮೂರನೇ ದರ್ಜೆ 1974ರಲ್ಲೇ ಹೋಯಿತು, ಹಾಗಾಗಿ ಬೋಗಿಯ ಮೇಲೆ ಮೂರು ಗೆರೆ ಬರೆಯುವ ಹಾಗಿಲ್ಲ, ಎರಡು. ಬೋಗಿಯ ಮೇಲೆ ದಕ್ಷಿಣ ರೈಲ್ವೆಯ ಹೆಸರೇ ಇರಬೇಕು. ಮೈಸೂರು ಸ್ಟೇಟ್ ರೈಲ್ವೆ 1951ರಲ್ಲಿ ಅದರೊಳಗೆ ಸೇರಿಹೋಗಿತ್ತು, ನೈಋತ್ಯ ರೈಲ್ವೆ ಹುಟ್ಟಲು 2003 ಬರಬೇಕಿತ್ತು. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾಗಿ ಮೂರು ವರ್ಷವೂ ತುಂಬಿರಲಿಲ್ಲ, ಆದ್ದರಿಂದ ಗೂಡ್ಸ್ ಶೆಡ್ಡಿನ ಮೂಲೆಯಲ್ಲಿ ಬಿದ್ದಿರುವ ಒಂದು ಹಳೇ ತಗಡಿನ ಬೋರ್ಡಿನಲ್ಲಿ "ಮೈಸೂರು ರಾಜ್ಯ" ಅಂತ ಹಾಗೇ ಬಿಟ್ಟೆ. ಎಮರ್ಜೆನ್ಸಿ ನಡೆಯುತ್ತಿತ್ತು. ಗೋಡೆ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬೇಕೇ ಬೇಕು. ಸಿನಿಮಾ ಪೋಸ್ಟರಿನಲ್ಲಿ ಡಾ. ರಾಜ್‌ಕುಮಾರ್ ಇರಲೇಬೇಕು ಅಲ್ವಾ, ಆದರೆ ಯಾವ ಚಿತ್ರ ಯಾವ ತಿಂಗಳು ಬಂತು ಅಂತ ಹುಡುಕುತ್ತಾ ಹುಡುಕುತ್ತಾ ಒಂದು ಭಾನುವಾರ ಪೂರ್ತಿ ಹೋಯಿತು. ಬೆರಳಿನ ಉಗುರಿನಷ್ಟು ಪೋಸ್ಟರಿಗೆ!

ಮದ್ದೂರಿಗೇ ಹೋಗಿ ಫೋಟೋ ತೆಗೆದರೆ ಆಯಿತಲ್ಲ ಅಂತ ಹೆಂಡತಿ ಕೇಳಿದಳು. ಹೋಗಿದ್ದೆ. ಈಗ ಅಲ್ಲಿ ಜೋಡಿ ಹಳಿ, ಮೇಲೆ ಕರೆಂಟ್ ತಂತಿ, ಎದೆ ಮಟ್ಟಕ್ಕೆ ಎತ್ತರಿಸಿದ ಪ್ಲಾಟ್‌ಫಾರಂ. ನನಗೆ ಬೇಕಿರುವುದು ಒಂಟಿ ಹಳಿ, ಒಂದು ಲೂಪು (ಪಕ್ಕಕ್ಕೆ ಕವಲೊಡೆದು ಮತ್ತೆ ಬಂದು ಸೇರುವ ಹಳಿ), ಕೈಮರದ ಹಾಗೆ ರೆಕ್ಕೆ ಏಳುವ ಬೀಳುವ ಸಿಗ್ನಲ್ಲು, ನೆಲಕ್ಕೆ ಅಂಟಿಕೊಂಡಂತಿರುವ ಪ್ಲಾಟ್‌ಫಾರಂ. ಅಂಥ ಪ್ಲಾಟ್‌ಫಾರಂನಿಂದ ಸೀರೆ ಎತ್ತಿ ಹಿಡಿದು ಮೆಟ್ಟಿಲ ಮೇಲೆ ಕಾಲಿಡುತ್ತಿದ್ದರೆ ಕೆಳಗಿನಿಂದ ಯಾರಾದರೂ ತಳ್ಳಬೇಕಾಗುತ್ತಿತ್ತು ಅಂತ ಅಮ್ಮ ಈಗಲೂ ನಗುತ್ತಾಳೆ.

ಇನ್ನು ಹಳಿಯ ಕಥೆ. ಲೆಕ್ಕ ಬೇಡದವರು ಒಂದು ಪ್ಯಾರಾ ಹಾರಿಸಿ. ನನ್ನದು ಎಚ್‌ಓ ಅಳತೆ, ಅಂದರೆ ನಿಜದ 87ನೇ ಒಂದು ಭಾಗ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಚ್‌ಓ ಹಳಿಯ ಅಗಲ 16.5 ಮಿಲಿಮೀಟರ್. 87ರಿಂದ ಗುಣಿಸಿದರೆ 1435. ಅದು ಯುರೋಪಿನ ಸ್ಟ್ಯಾಂಡರ್ಡ್ ಗೇಜು. ನಮ್ಮ ಮೀಟರ್ ಗೇಜಿಗೂ ಸೇರದು, 1676ರ ಬ್ರಾಡ್ ಗೇಜಿಗೂ ಸೇರದು. ಮೀಟರ್ ಗೇಜಿಗೆ 11.5 ಬೇಕು. ಸಿಗುವುದು 12, ಸ್ವಿಸ್ ಬೆಟ್ಟದ ರೈಲುಗಳ ಮಾಡೆಲ್ ಮಾಡುವವರಿಗಾಗಿ ತಯಾರಾಗುವಂಥದ್ದು. ನಿಜದ ಲೆಕ್ಕದಲ್ಲಿ 44 ಮಿಲಿಮೀಟರ್ ಜಾಸ್ತಿ ಅಗಲ. ಅದನ್ನು ನುಂಗಿಕೊಂಡೆ. ನುಂಗಲಾಗದ್ದು ಹಳಿಯ ಎತ್ತರ. ಆ ರೆಡಿಮೇಡ್ ಹಳಿಯ ಕಂಬಿ 1.9 ಮಿಲಿಮೀಟರ್ ಎತ್ತರ. ದೊಡ್ಡದು ಮಾಡಿ ನೋಡಿದರೆ 165. ಇವತ್ತು ದೊಡ್ಡ ಲೈನುಗಳಲ್ಲಿ ಹಾಕುವ ಮೀಟರಿಗೆ 60 ಕಿಲೋ ತೂಗುವ ಕಂಬಿಯೇ 172 ಮಿಲಿಮೀಟರ್ ಇರುವುದು! ಮೀಟರ್ ಗೇಜಿನ ಕಂಬಿ ಅದಕ್ಕಿಂತ ಎಷ್ಟೋ ಸಣ್ಣದು, ದೂರದಿಂದ ನೋಡಿದರೆ ನೆಲದ ಮೇಲೆ ಎರಡು ಗೆರೆ ಎಳೆದಂತೆ ಕಾಣುತ್ತಿತ್ತು. ಆ ಬಡಕಲುತನ ಇಲ್ಲದಿದ್ದರೆ ಮೀಟರ್ ಗೇಜ್ ಅನ್ನಿಸುವುದೇ ಇಲ್ಲ. ಕೊನೆಗೆ 1.4 ಮಿಲಿಮೀಟರಿನ ಕಂಬಿ ತರಿಸಿ, ಕಂಬಿಯ ಕೆಳಗೆ ಅಡ್ಡಕ್ಕೆ ಕೂರುವ ಸ್ಲೀಪರ್ ಒಂದೊಂದಾಗಿ ಕತ್ತರಿಸಿ ನಾನೇ ಹಾಸಿದೆ. ಲೂಪಿನಲ್ಲಿ ಮರದ ಸ್ಲೀಪರ್ ಬಿಟ್ಟು ಎರಕದ ಕಬ್ಬಿಣದ್ದು ಹಾಕಿದ್ದೇನೆ: ಎರಡು ಕಂಬಿಗೂ ಕೆಳಗೆ ಒಂದೊಂದು ತಟ್ಟೆ, ಎರಡನ್ನೂ ಹಿಡಿದಿಡಲು ನಡುವೆ ಒಂದು ಅಡ್ಡಪಟ್ಟಿ. ನೂರಾ ನಲವತ್ತು ಮಾಡುವಷ್ಟರಲ್ಲಿ ಕತ್ತು ಹಿಡಿದುಕೊಂಡು ಒಂದು ವಾರ ಬಿದ್ದುಕೊಂಡಿದ್ದೆ.

ಇಂಜಿನ್ ವಿಷಯದಲ್ಲಿ ಅದೃಷ್ಟ ಸ್ವಲ್ಪ ಕೈ ಹಿಡಿಯಿತು. ವೈಪಿ ಅಂದರೆ ಮುಂದೆ ನಾಲ್ಕು ಸಣ್ಣ ಚಕ್ರ, ಮಧ್ಯೆ ಆರು ದೊಡ್ಡದು, ಹಿಂದೆ ಎರಡು. ದೊಡ್ಡ ಚಕ್ರ ನಾಲ್ಕೂವರೆ ಅಡಿ, ನನ್ನ ಅಳತೆಗೆ 15.8 ಮಿಲಿಮೀಟರ್. ಟಿಟಿ ಅಳತೆಯ (ನಿಜದ 120ನೇ ಒಂದು ಭಾಗ) ಒಂದು ಸೆಕೆಂಡ್ ಹ್ಯಾಂಡ್ ಜರ್ಮನ್ ಇಂಜಿನ್ ಸಿಕ್ಕಿತು. ಅದೇ ಚಕ್ರದ ಜೋಡಣೆ, ಅದೇ 12 ಮಿಲಿಮೀಟರ್ ಹಳಿ, ಚಕ್ರ 16.7. ಒಂದು ಮಿಲಿಮೀಟರಿನಷ್ಟೂ ವ್ಯತ್ಯಾಸವಿಲ್ಲ. ಜರ್ಮನ್ ಮೈ ಕಳಚಿ ಪಕ್ಕಕ್ಕಿಟ್ಟು, ವೈಪಿ ಮೈಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಕತ್ತರಿಸಿ ಕೂರಿಸಿದೆ. ಬೋಗಿಗಳಿಗೆ ಬಣ್ಣ ಯಾವುದು ಅಂತ ಎರಡು ತಿಂಗಳು ಒದ್ದಾಡಿದೆ. ಕಿಟಕಿ ಗ್ರಿಲ್ಲಿಗೆ ಹೊಡೆಯುವ ರೆಡ್ ಆಕ್ಸೈಡ್ ಹತ್ತಿರ ಬರುತ್ತದೆ. ಅದಕ್ಕೆ ಒಂದು ತೊಟ್ಟು ಕಪ್ಪು ಬೆರೆಸಿ, ಒಣಗಿದ ಮೇಲೆ ಕೆನ್ನೆಗೆ ಹಚ್ಚುವ ಟಾಲ್ಕಂ ಪೌಡರ್ ಒರೆಸಿದೆ. ದೊಡ್ಡಪ್ಪ ನೋಡಿ ಏನೂ ಹೇಳಲಿಲ್ಲ. ಅವರು ಏನೂ ಹೇಳಲಿಲ್ಲ ಅಂದರೆ ಪಾಸು.

ಜಲ್ಲಿ ಇನ್ನೊಂದು ತಲೆನೋವು. 50 ಮಿಲಿಮೀಟರ್ ಕಲ್ಲು ಇಲ್ಲಿ ಅರ್ಧ ಮಿಲಿಮೀಟರ್ ಚಿಲ್ಲರೆ ಆಗುತ್ತದೆ, ಹೆಚ್ಚುಕಡಿಮೆ ರವೆ. ವಿದೇಶಿ ಪ್ಯಾಕೆಟ್ಟಿನಲ್ಲಿ ಬರುವ ಜಲ್ಲಿ ಸೊಗಸಾಗೇ ಇರುತ್ತದೆ, ಆದರೆ ಬಣ್ಣ ನಮ್ಮ ಕಡೆಯದಲ್ಲ. ರಾಮನಗರದ ಕಡೆ ಕಲ್ಲಿಗೆ ಬೂದು ಬಣ್ಣದ ಜೊತೆ ತಿಳಿ ಗುಲಾಬಿ ಛಾಯೆ ಇದೆ. ಆ ಊರಿನ ಹಳೇ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಆ ಕಲ್ಲಿಗೆ ಕ್ಲೋಸ್‌ಪೇಟ್ ಗ್ರಾನೈಟ್ ಅನ್ನುವ ಹೆಸರು ಬಂದಿರುವುದು. ದಾರಿಬದಿಯಿಂದ ಒಂದು ಚೀಲ ಜಲ್ಲಿಪುಡಿ ತಂದು, ಅಡುಗೆಮನೆಯ ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದೆ. (ಈಗ ನನಗೆ ಬೇರೆ ಜಾಲರಿ ಕೊಡಿಸಲಾಗಿದೆ.) ಹಾಸಿ, ಫೆವಿಕಾಲ್ ನೀರು ಹಾಕಿ ಒಣಗಿಸಿ ತೋರಿಸಿದರೆ ದೊಡ್ಡಪ್ಪ ಮುಖ ಕಿವುಚಿದರು. "ಇಷ್ಟು ಕ್ಲೀನಾ? ಇಂಜಿನ್ ನಿಲ್ಲೋ ಜಾಗದಲ್ಲಿ ಬೂದಿ ಎಲ್ಲೋ? ಎಣ್ಣೆ ಎಲ್ಲೋ? ಕಕ್ಕಸ್ಸು ಎಲ್ಲ ಹಳಿ ಮೇಲೇ ಬೀಳ್ತಿತ್ತು ಕಣೋ!" ಮೂರು ದಿನ ಜಲ್ಲಿಗೆ ಕೊಳೆ ಹಚ್ಚುತ್ತಾ ಕೂತೆ.

ಬೋರ್ಡಿನಲ್ಲೂ ಬಿದ್ದೆ. ಹಳದಿ ಮೇಲೆ ಕಪ್ಪು, ಕನ್ನಡ, ಹಿಂದಿ, ಇಂಗ್ಲಿಷ್, ಅಷ್ಟೇ ತಾನೆ ಅಂತ ಕಂಪ್ಯೂಟರಿನಲ್ಲಿ ನುಡಿ ಅಕ್ಷರ ಹಾಕಿ ಪ್ರಿಂಟ್ ತೆಗೆದೆ. ಹಲಗೆ ಮೇಲಿಟ್ಟ ಕೂಡಲೇ ಇಡೀ ಸ್ಟೇಷನ್ನು 2005ಕ್ಕೆ ಜಿಗಿದುಬಿಟ್ಟಿತು. ಯಾಕೆ ಅಂತ ಅರ್ಥವಾಗಲು ಹೊತ್ತು ಹಿಡಿಯಿತು. ಪೇಂಟರ್ ಬರೆದ "ದ್ದೂ" ಅಕ್ಷರದಲ್ಲಿ ಒತ್ತು ಸ್ವಲ್ಪ ಇಕ್ಕಟ್ಟಾಗಿ ಕೂರುತ್ತದೆ, ಕೊಂಬು ಅವನ ಕೈ ತಿರುಗಿದ ಕಡೆ ತಿರುಗುತ್ತದೆ, ತಲೆಕಟ್ಟುಗಳು ಒಂದರ ಹಾಗೆ ಒಂದು ಇರುವುದಿಲ್ಲ. ಕಂಪ್ಯೂಟರಿಗೆ ಆ ಕೈ ಇಲ್ಲ. ಕೊನೆಗೆ ಕಾಗದದ ಮೇಲೆ ದೊಡ್ಡದಾಗಿ ಬ್ರಷ್ಷಿನಲ್ಲಿ ಬರೆದು, ಫೋಟೋ ತೆಗೆದು, ಚಿಕ್ಕದು ಮಾಡಿ ಅಂಟಿಸಿದೆ.

ಈಗ ವಡೆಗೆ ಬರೋಣ. ಮದ್ದೂರು ಮಾಡಿ ವಡೆ ಮಾಡದೆ ಇರಲಾಗುತ್ತದಾ? 1917ರಲ್ಲಿ ರಾಮಚಂದ್ರ ಬುದ್ಯ ಅವರು ಸ್ಟೇಷನ್ನಿನ ಟಿಫಿನ್ ರೂಮಿನಲ್ಲಿ ಶುರು ಮಾಡಿದ್ದು ಅನ್ನುವ ಕಥೆ ಎಲ್ಲರಿಗೂ ಗೊತ್ತು. ಅಂಗೈಯಗಲದ ವಡೆ ನನ್ನ ಅಳತೆಯಲ್ಲಿ ಒಂದು ಮಿಲಿಮೀಟರ್. ಮೆಡಿಕಲ್ ಶಾಪಿನಿಂದ ದಪ್ಪ ಇಂಜೆಕ್ಷನ್ ಸೂಜಿ ತಂದು, ತುದಿ ಉಜ್ಜಿ ಚಪ್ಪಟೆ ಮಾಡಿ, ಕಂದು ಬಣ್ಣ ಹೊಡೆದ ಕಾಗದದ ಮೇಲೆ ಒತ್ತಿ ತಿರುಗಿಸಿದರೆ ಒಂದು ವಡೆ ಬರುತ್ತದೆ. ಅಂಚು ಸ್ವಲ್ಪ ಹರಿದು ಬಂದರೆ ಇನ್ನೂ ಒಳ್ಳೆಯದು, ಗರಿಗರಿ ಕಾಣುತ್ತದೆ. ಅರವತ್ತು ವಡೆ ಮಾಡಿ ಒಂದು ಸೀನಿಗೆ ಹದಿನೆಂಟು ಕಳೆದುಕೊಂಡೆ. ಮಾರುವವನು ಒಬ್ಬ ಜರ್ಮನ್ ಪ್ರಯಾಣಿಕ. ಅವನ ಹ್ಯಾಟು ಕೆರೆದು ತೆಗೆದು, ಕೋಟು ಉಜ್ಜಿ ಅಂಗಿ ಮಾಡಿ, ಟಿಶ್ಯೂ ಪೇಪರನ್ನು ಫೆವಿಕಾಲ್ ನೀರಿನಲ್ಲಿ ಅದ್ದಿ ಪಂಚೆ ಉಡಿಸಿದೆ. ವಡೆಯನ್ನು ಎಲೆಯಲ್ಲಿ ಕೊಡುತ್ತಿದ್ದರೋ ಪೇಪರಿನಲ್ಲೋ ಅಂತ ಅಮ್ಮನಿಗೂ ದೊಡ್ಡಪ್ಪನಿಗೂ ಒಂದು ಸಂಜೆ ಪೂರ್ತಿ ಜಗಳವಾಯಿತು, ಇಬ್ಬರೂ ಪಟ್ಟು ಬಿಡಲಿಲ್ಲ, ನಾನು ಅವನ ಕೈ ಖಾಲಿ ಬಿಟ್ಟೆ. ನಲ್ಲಿಯ ಹತ್ತಿರ ಇಟ್ಟಿದ್ದ ನೀಲಿ ಪ್ಲಾಸ್ಟಿಕ್ ಕೊಡ ಮಾತ್ರ ಅಮ್ಮ ಎತ್ತಿ ಬಿಸಾಡಿಸಿದಳು. "ಆಗ ನಮ್ಮನೇಲಿದ್ದದ್ದು ಹಿತ್ತಾಳೇದು" ಅಂದಳು. ಮತ್ತೆ ನೀಲಿ!

ಆರಡಿಯಲ್ಲಿ ಇಡೀ ಯಾರ್ಡ್ ಹಿಡಿಯುವುದಿಲ್ಲ ಅನ್ನುವುದನ್ನು ಒಪ್ಪಿಕೊಳ್ಳುತ್ತೇನೆ. 300 ಮೀಟರಿನ ಲೂಪ್ ಹಾಕಬೇಕೆಂದರೆ ನನಗೆ ಹನ್ನೊಂದಡಿ ಬೇಕು, ಅದಕ್ಕೆ ಅಡುಗೆಮನೆ ಗೋಡೆ ಒಡೆಯಬೇಕು. ಕೇಳಿ ನೋಡಿದೆ. ಆಗಲ್ಲವಂತೆ. ಹಾಗಾಗಿ ಲೂಪು ಮೊಟಕು, ಸುಳ್ಳು, ಗೊತ್ತಿದ್ದೇ ಹೇಳಿದ ಸುಳ್ಳು. ನೋಡಿದವರು ಇವತ್ತಿನವರೆಗೆ ಒಬ್ಬರೂ ಅದನ್ನು ಹಿಡಿದಿಲ್ಲ. ಕೊಡದ ಬಣ್ಣ ಮಾತ್ರ ಬಾಗಿಲಲ್ಲಿ ನಿಂತವರಿಗೂ ಕಂಡಿತ್ತು.

ಮೊನ್ನೆ ಭಾನುವಾರ ದೊಡ್ಡಪ್ಪ ಮತ್ತೆ ಬಂದಿದ್ದರು. ಕುರ್ಚಿ ಎಳೆದುಕೊಂಡು ಕೂತು ರೈಲು ಓಡಿಸು ಅಂದರು. ವೈಪಿ ನಿಧಾನಕ್ಕೆ ಬಂದು ಲೂಪಿನಲ್ಲಿ ನಿಂತಿತು. ಒಂದು ನಿಮಿಷ ಸುಮ್ನೆ ನೋಡಿದರು. ಆಮೇಲೆ ವಡೆಯವನ ಕಡೆ ಬೆರಳು ಮಾಡಿದರು.

"ಇವನ್ಯಾಕೋ ಗೋಡೆಗೆ ಒರಗಿದಾನೆ? ಗಾಡಿ ನಿಂತಿರೋದು ಎಷ್ಟು ಹೊತ್ತು? ಓಡ್ತಿರಬೇಕು ಅವನು. ಕಿಟಕಿ ಕಿಟಕಿಗೂ ಓಡಬೇಕು."

ಬ್ಲೇಡ್ ಹಾಕಿ ಮೆಲ್ಲಗೆ ಎಬ್ಬಿಸಲು ಹೋದೆ. ಎಡಗಾಲು ಪ್ಲಾಟ್‌ಫಾರಂನಲ್ಲೇ ಉಳಿಯಿತು, ಮಿಕ್ಕವನು ಕೈಗೆ ಬಂದ. ಈಗ ಅವನನ್ನು ಬಟ್ಟೆ ಕ್ಲಿಪ್ಪಿಗೆ ಸಿಕ್ಕಿಸಿ ಕಿಟಕಿ ಹತ್ತಿರ ಇಟ್ಟಿದ್ದೇನೆ. ಓಡುವವನಿಗೆ ಮೊಣಕಾಲು ಬಗ್ಗಿರಬೇಕಲ್ಲ, ತಂತಿಯಲ್ಲಿ ಹೊಸ ಕಾಲು ಮಾಡಬೇಕು. ಪಂಚೆಯನ್ನೂ ಮೇಲೆತ್ತಿ ಕಟ್ಟಬೇಕು.