ಮಳಖೇಡದ ಸಾಲು ಏಕೆ ಖಾಲಿ ಇತ್ತು

ಕಲಬುರಗಿ, 16 ನವೆಂಬರ್ 2025, ಭಾನುವಾರ

ಎರಡು ವರ್ಷಗಳಿಂದ ಪ್ರತಿ ವಾರ ಓಡುತ್ತಿದ್ದ ಒಂದು ಪೈಥಾನ್ ಸ್ಕ್ರಿಪ್ಟನ್ನು (ಪೈಥಾನ್ ಭಾಷೆಯ ಪುಟ್ಟ ಪ್ರೋಗ್ರಾಂ) ಇವತ್ತು ಬಹುಪಾಲು ಅಳಿಸಿ ಮತ್ತೆ ಬರೆದೆ. ಅದನ್ನು ಬರೆದದ್ದು ನನಗೆ ಪಿಯುಸಿಯಲ್ಲಿ ಇತಿಹಾಸ ಕಲಿಸಿದ, ಈಗ ನಿವೃತ್ತರಾಗಿರುವ ಸರ್ ಅವರಿಗಾಗಿ. ಜಿಲ್ಲೆಯ ಹಳೆಯ ಊರು, ಕೋಟೆ, ಶಾಸನಗಳ ಬಗ್ಗೆ ಇಂಟರ್ನೆಟ್ಟಿನಲ್ಲಿ ಹೊಸದಾಗಿ ಏನು ಬಂದರೂ ಅದರ ಲಿಂಕನ್ನು ಅವರು ಒಂದು ಎಕ್ಸೆಲ್ ಹಾಳೆಯಲ್ಲಿ ಕೂಡಿಡುತ್ತಾರೆ. ಸನ್ನತಿ, ಮಳಖೇಡ, ಗುಲ್ಬರ್ಗಾ ಕೋಟೆ ಎಂದು ಅವರು ಕೊಟ್ಟ 46 ಹೆಸರುಗಳನ್ನು ಒಂದೊಂದಾಗಿ ಸರ್ಚ್ ಎಂಜಿನ್‌ಗೆ ಕೇಳಿ, ಬಂದ ಪುಟದಿಂದ ತಲೆಬರಹ, ಲಿಂಕ್ ಮತ್ತು ಎರಡು ಸಾಲಿನ ವಿವರವನ್ನು ಹೆಕ್ಕಿ, ಹಾಳೆಯಲ್ಲಿ ಇಲ್ಲದವನ್ನು ಮಾತ್ರ ಸೇರಿಸುವುದು ಸ್ಕ್ರಿಪ್ಟಿನ ಕೆಲಸ.

ಗುರುವಾರ ಸಂಜೆ ಸರ್ ಫೋನ್ ಮಾಡಿದ್ದರು. ‘ತಮ್ಮಾ, ಮೂರು ವಾರದಿಂದ ಮಳಖೇಡದ ಸಾಲು ಖಾಲಿ ಅದ. ಮಳಖೇಡದ ಮ್ಯಾಲ ಯಾರೂ ಏನೂ ಬರ್ದೇ ಇಲ್ಲಂದ್ರ ಹ್ಯಾಂಗ?’ ಎಂದು ಕೇಳಿದರು. ‘ನೋಡ್ತೀನ್ರಿ ಸರ್’ ಎಂದೆ. ಆದರೆ ಅಂದು ರಾತ್ರಿ ತೆರೆದು ನೋಡಿದಾಗ ಮಳಖೇಡವಷ್ಟೇ ಅಲ್ಲ, ಪಟ್ಟಿಯ ಕೊನೆಯ 19 ಹೆಸರುಗಳಿಗೂ ಮೂರು ವಾರಗಳಿಂದ ಒಂದೂ ಹೊಸ ಲಿಂಕ್ ಬಂದಿರಲಿಲ್ಲ.

ಕಾರಣ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಒಂದಷ್ಟು ಪ್ರಶ್ನೆಗಳಾದ ಮೇಲೆ ಸರ್ಚ್ ಎಂಜಿನ್ ಫಲಿತಾಂಶದ ಬದಲು, ಕೇಳುತ್ತಿರುವುದು ಯಂತ್ರವಲ್ಲವೆಂದು ದೃಢಪಡಿಸಿ ಎನ್ನುವ ಪುಟವನ್ನು ಕಳುಹಿಸುತ್ತಿತ್ತು, ಅದೂ ಎಲ್ಲ ಸರಿಯಿದೆ ಎಂದು ಹೇಳುವ 200ರ ಸಂಕೇತದೊಂದಿಗೆ. ಬೇಡಿಕೆ ಹೆಚ್ಚಾಯಿತು ಎನ್ನುವ 429ರ ಸಂಕೇತ ಬಂದಿದ್ದರೆ ನನ್ನ ಕೋಡ್ ನಿಲ್ಲುತ್ತಿತ್ತು. ಈ ಪುಟದಲ್ಲಿ ಫಲಿತಾಂಶದ ಡಬ್ಬಿಗಳು ಇರಲಿಲ್ಲವಾದ್ದರಿಂದ ಅದು ಶೂನ್ಯ ಎಂದು ಎಣಿಸಿಕೊಂಡು ಮುಂದೆ ಹೋಯಿತು. ಅಲ್ಲದೆ ಯಾವ ದೋಷ ಬಂದರೂ ಸುಮ್ಮನೆ ದಾಟಿಬಿಡು ಎನ್ನುವ ‘ಎಕ್ಸೆಪ್ಟ್, ಪಾಸ್’ ಎಂಬ ಜೋಡಿಯನ್ನು ನಾನೇ ಐದು ಕಡೆ ಬರೆದಿದ್ದೆ. ‘ಏನೂ ಇಲ್ಲ’ ಎಂಬ ಉತ್ತರಕ್ಕೂ ‘ನನಗೆ ತಿಳಿಯಲಿಲ್ಲ’ ಎಂಬ ಉತ್ತರಕ್ಕೂ ಆ ಕೋಡಿನಲ್ಲಿ ವ್ಯತ್ಯಾಸವೇ ಇರಲಿಲ್ಲ. ಹಾಳೆಯನ್ನು ನಂಬಿ ಕುಳಿತ ಒಬ್ಬ ಹಿರಿಯರಿಗೆ ಹೀಗೆ ತಪ್ಪು ಉತ್ತರ ಕೊಟ್ಟದ್ದು ನನಗೆ ತುಂಬ ನೋವು ತಂದಿತು.

ಇವತ್ತು ಬೆಳಿಗ್ಗೆ ಕರೆಂಟ್ ಹೋಗುವ ಮೊದಲೇ ಕೂತು 640 ಸಾಲುಗಳನ್ನು ಮೊದಲಿನಿಂದ ಓದಿ, ಯಾವ ಸಾಲು ಯಾವ ಕೆಲಸಕ್ಕೆ ಎಂದು ಅಂಚಿನಲ್ಲಿ ಗುರುತು ಹಾಕಿದೆ. ಹುಡುಕಲು, ಹೆಕ್ಕಲು, ಬರೆದಿಡಲು ಬೇಕಾದದ್ದು ಮೂರನೆಯ ಒಂದು ಭಾಗವೂ ಇರಲಿಲ್ಲ. ಉಳಿದದ್ದೆಲ್ಲ ಸಿಕ್ಕಿಬೀಳದಿರಲು ಬರೆದದ್ದು: ಪ್ರಶ್ನೆ ಬೇರೆ ಬೇರೆ ಕಂಪ್ಯೂಟರಿನಿಂದ ಬಂದಂತೆ ತೋರಿಸುವ ಪ್ರಾಕ್ಸಿಗಳ ಪಟ್ಟಿ, ಬೇರೆ ಬೇರೆ ಬ್ರೌಸರಿನಂತೆ ಕಾಣಿಸಿಕೊಳ್ಳಲು ಯೂಸರ್ ಏಜೆಂಟ್ ಎಂಬ 30 ಗುರುತಿನ ಸಾಲುಗಳು, ಮನುಷ್ಯರಂತೆ ತಡೆತಡೆದು ಕೇಳಲು ಯಾದೃಚ್ಛಿಕ ವಿರಾಮಗಳು, ಜೊತೆಗೆ ಪುಟದ ಭಾಗಗಳಿಗೆ ಯಂತ್ರವೇ ಹುಟ್ಟಿಸುವ ಅರ್ಥವಿಲ್ಲದ ಕ್ಲಾಸ್ ಹೆಸರುಗಳು ಬದಲಾದಾಗಲೆಲ್ಲ, ಆ ಭಾಗಗಳನ್ನು ಪತ್ತೆ ಮಾಡಲು ಒಂದರ ಮೇಲೊಂದು ಪೇರಿಸಿದ ಸೆಲೆಕ್ಟರ್‌ಗಳು. ಗೂಗಲ್ ತನ್ನ ರೋಬೋಟ್ಸ್ ಕಡತದಲ್ಲಿ ಹುಡುಕಾಟದ ಪುಟಗಳಿಗೆ ಯಂತ್ರಗಳು ಬರಬಾರದೆಂದು ಬರೆದೇ ಇಟ್ಟಿದೆ. 1994ರಿಂದ ರೂಢಿಯಲ್ಲಿರುವ ಆ ಪದ್ಧತಿ 2022ರಲ್ಲಿ ಅಧಿಕೃತ ಮಾನದಂಡವೂ ಆಯಿತು. ಬೇಡವೆಂದ ಬಾಗಿಲಲ್ಲಿ ನುಗ್ಗಲು ಇಷ್ಟು ಸಾಲು ಬರೆಯುವ ಅಗತ್ಯ ನಿಜವಾಗಿ ಇತ್ತೇ ಎಂದು ಆಗ ಮೊದಲ ಸಲ ಲೆಕ್ಕ ಹಾಕಿದೆ.

46 ಹೆಸರು, ಒಂದೊಂದಕ್ಕೆ ಮೊದಲ 20 ಫಲಿತಾಂಶ, ವಾರಕ್ಕೊಮ್ಮೆ. ಇಷ್ಟೇ ನಮ್ಮ ಅಗತ್ಯ. ಪ್ರೋಗ್ರಾಂಗಳು ಕೇಳಲೆಂದೇ ಗೂಗಲ್ ತೆರೆದಿಟ್ಟ ಬಾಗಿಲಾದ ಕಸ್ಟಮ್ ಸರ್ಚ್ ಎಪಿಐ 2025ರಲ್ಲಿ ದಿನಕ್ಕೆ 100 ಪ್ರಶ್ನೆಗಳಿಗೆ ಹಣವಿಲ್ಲದೆ ಉತ್ತರಿಸುತ್ತಿತ್ತು. ಒಂದು ಪ್ರಶ್ನೆಗೆ ಹೆಚ್ಚೆಂದರೆ 10 ಫಲಿತಾಂಶ. ಅಂದರೆ ನಮಗೆ ಬೇಕಾದದ್ದು 92 ಪ್ರಶ್ನೆ. ಅದರ ಫಲಿತಾಂಶ ಬ್ರೌಸರಿನಲ್ಲಿ ಕಾಣುವುದರಂತೆಯೇ ಇರುವುದಿಲ್ಲವೆಂಬುದು ನಿಜ, ಆದರೆ ಹೊಸ ಬರಹ ಪತ್ತೆಯಾಗಬೇಕೆನ್ನುವ ಸರ್ ಅವರಿಗೆ ಯಾವುದು ಎಷ್ಟನೆಯ ಸ್ಥಾನದಲ್ಲಿದೆ ಎಂಬುದು ಮುಖ್ಯವಲ್ಲ. ಉತ್ತರ ಜೇಸನ್ ರೂಪದಲ್ಲಿ ಬರುತ್ತದೆ, ಅದರಲ್ಲಿ ತಲೆಬರಹ, ಲಿಂಕ್, ವಿವರ ಮೂರಕ್ಕೂ ಸ್ಪಷ್ಟ ಹೆಸರಿದೆ. ಫಲಿತಾಂಶವೇ ಇಲ್ಲದಿದ್ದರೆ ‘ಐಟಮ್ಸ್’ ಎಂಬ ಭಾಗ ಬರುವುದೇ ಇಲ್ಲ, ಆದರೆ ಒಟ್ಟು ಸಂಖ್ಯೆ 0 ಎಂದು ಬೇರೆ ಕಡೆ ಬರೆದಿರುತ್ತದೆ. ಆ ಸೊನ್ನೆಯನ್ನು ಕಣ್ಣಾರೆ ಕಂಡರೆ ಮಾತ್ರ ಖಾಲಿ ಎಂದು ಒಪ್ಪುವಂತೆ, ಇಲ್ಲದಿದ್ದರೆ ಹೆಸರು ಹೇಳಿ ನಿಲ್ಲುವಂತೆ ಬರೆದೆ. ಪ್ರಾಕ್ಸಿ, ವಿರಾಮ, ಸೆಲೆಕ್ಟರ್ ಎಲ್ಲವೂ ಅಲ್ಲಿಗೆ ಹೋದವು.

ಅಳಿಸಲಾಗದೆ ಉಳಿದದ್ದು ಒಂದೇ ತೊಡಕು, ಒಂದೇ ಬರಹ ಎರಡು ಸಲ ಸೇರದಂತೆ ನೋಡುವುದು. ಲಿಂಕುಗಳಲ್ಲಿ ಕನ್ನಡವಿದ್ದಾಗ ಇದು ಕಷ್ಟ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ (ಮೂಲಾಕ್ಷರಕ್ಕೂ, ಗುಡಿಸು, ಕೊಂಬಿನಂಥ ಗುರುತಿಗೂ) 3 ಬೈಟ್ ಬೇಕು, ವಿಳಾಸದಲ್ಲಿ ಒಂದೊಂದು ಬೈಟೂ ಶೇಕಡಾ ಚಿಹ್ನೆಯೊಡನೆ 3 ಅಕ್ಷರವಾಗುತ್ತದೆ. ಹೀಗಾಗಿ 7 ಸಂಕೇತಗಳ ‘ಕಲಬುರಗಿ’ ಒಂದು ಕಡೆ ಇದ್ದಂತೆಯೇ ಬರುತ್ತದೆ, ಇನ್ನೊಂದು ಕಡೆ 63 ಅಕ್ಷರಗಳ ಸರಪಳಿಯಾಗಿ ಬರುತ್ತದೆ. ತಲೆಬರಹಗಳಲ್ಲಿ ಇನ್ನೂ ಸೂಕ್ಷ್ಮವಾದ ತೊಂದರೆಯಿತ್ತು. ‘ಮಳಖೇಡ’ ಎಂಬ ಎರಡು ಪದಗಳನ್ನು ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆ, ಕೂದಲೆಳೆಯ ವ್ಯತ್ಯಾಸವೂ ಕಾಣಲಿಲ್ಲ. ಉದ್ದ ಕೇಳಿದರೆ ಒಂದು 5 ಎಂದಿತು, ಇನ್ನೊಂದು 6 ಎಂದಿತು. ಒಂದರಲ್ಲಿ ‘ಖೇ’ ಅಕ್ಷರದ ಏತ್ವ ದೀರ್ಘ ಒಂದೇ ಸಂಕೇತವಾಗಿದ್ದರೆ, ಇನ್ನೊಂದರಲ್ಲಿ ಹ್ರಸ್ವ ಏತ್ವ ಮತ್ತು ಅದರ ಮುಂದೆ ದೀರ್ಘದ ಗುರುತು ಎಂದು ಎರಡಾಗಿತ್ತು. ಇದಕ್ಕಾಗಿ ನಾನು ಹಿಂದೆ 40 ಸಾಲಿನ ಬದಲಾವಣೆ ಪಟ್ಟಿ ಬರೆದಿದ್ದೆ. ಪೈಥಾನ್ ಜೊತೆಗೇ ಬರುವ ಯೂನಿಕೋಡ್ ಲೈಬ್ರರಿಯ, ಇಂಥ ಬೇರೆ ಬೇರೆ ರೂಪಗಳನ್ನು ಒಂದಾಗಿಸುವ ಎನ್‌ಎಫ್‌ಸಿ ಎಂಬ ಒಂದೇ ಕರೆ ಆ ಪಟ್ಟಿಯ ಅಷ್ಟೂ ಕೆಲಸ ಮಾಡುತ್ತದೆ. ‘ಗುಲ್‌ಬರ್ಗಾ’ ಮತ್ತು ‘ಗುಲ್ಬರ್ಗಾ’ಗಳ ನಡುವೆ ಇರುವ, ಒತ್ತಕ್ಷರವನ್ನು ಬಿಡಿಸುವ ಕಾಣದ ಚಿಹ್ನೆಯನ್ನು ಮಾತ್ರ ಎನ್‌ಎಫ್‌ಸಿ ತೆಗೆಯುವುದಿಲ್ಲ. ಅದನ್ನು ಹೋಲಿಸುವಾಗಷ್ಟೇ ತೆಗೆದು, ಹಾಳೆಯಲ್ಲಿ ಬರೆಯುವ ತಲೆಬರಹವನ್ನು ಲೇಖಕರು ಬರೆದಂತೆಯೇ ಉಳಿಸಿದೆ.

ಈಗ ಫಂಕ್ಷನ್‌ಗಳು ಮೂರೇ. ಮೊದಲನೆಯದು ಉತ್ತರ ತಂದು ಹಾಗೆಯೇ ಡಿಸ್ಕಿನಲ್ಲಿಡುತ್ತದೆ, ಎರಡನೆಯದು ಡಿಸ್ಕಿನಿಂದ ಓದಿ ಹೆಕ್ಕುತ್ತದೆ, ಮೂರನೆಯದು ಹೋಲಿಸಿ ಹಾಳೆಗೆ ಸೇರಿಸುತ್ತದೆ. ಹೆಕ್ಕುವಲ್ಲಿ ತಪ್ಪಾದರೆ ಮತ್ತೆ ಪ್ರಶ್ನೆ ಕೇಳಬೇಕಿಲ್ಲ. ನೆಟ್ ಇಲ್ಲದಾಗಲೂ ಇಟ್ಟ ಕಡತಗಳ ಮೇಲೆ ಪರೀಕ್ಷೆ ಮಾಡಬಹುದು. ಒಟ್ಟು 118 ಸಾಲು.

ಪರೀಕ್ಷೆ ಮಾಡುತ್ತ ಬೆಳಿಗ್ಗೆಯೇ ಹಲವು ಪ್ರಶ್ನೆ ಖರ್ಚಾಗಿದ್ದವು. ದಿನದ ಲೆಕ್ಕ ಅಮೆರಿಕದ ಪೆಸಿಫಿಕ್ ಸಮಯದ ಮಧ್ಯರಾತ್ರಿಗೆ, ಅಂದರೆ ಚಳಿಗಾಲದ ತಿಂಗಳುಗಳಲ್ಲಿ ನಮ್ಮ ಮಧ್ಯಾಹ್ನ ಒಂದೂವರೆಗೆ, ಹೊಸದಾಗುತ್ತದೆ. ಊಟ ಮುಗಿಸಿ ಬಂದು ಓಡಿಸಿದೆ. ಮಳಖೇಡಕ್ಕೆ 20 ಲಿಂಕ್ ಬಂದವು. ಹೋಲಿಸಿ ಕಳೆದ ಮೇಲೆ 9 ಹೊಸವು ಉಳಿದವು. ಹಾಳೆ ಕಳುಹಿಸಿ, ಮೂರು ವಾರಗಳ ಖಾಲಿ ಸಾಲುಗಳು ನನ್ನ ಕೋಡಿನ ತಪ್ಪಿನಿಂದ ಆದವೆಂದು ಸರ್ ಅವರಿಗೆ ಬರೆದು ತಿಳಿಸಿದೆ.

ಅರ್ಧ ಗಂಟೆಯಲ್ಲಿ ಫೋನ್ ಬಂತು. ‘ಒಂಬತ್ತರಾಗ ಎರಡು ನಾ ನೋಡೇ ಇರಲಿಲ್ಲ ತಮ್ಮಾ’ ಎಂದರು. ಇಷ್ಟು ದಿನ ಸನ್ನತಿಯ ಜೊತೆಗೇ ಹುಡುಕುತ್ತಿದ್ದ ಕನಗನಹಳ್ಳಿಯನ್ನು ಇನ್ನು ಮುಂದೆ ಬೇರೆ ಹೆಸರಾಗಿ ಕೇಳಲು ಸಾಧ್ಯವೇ ಎಂದೂ ವಿಚಾರಿಸಿದರು. 47 ಹೆಸರಿಗೆ 94 ಪ್ರಶ್ನೆ. ಪಟ್ಟಿಯಲ್ಲಿ ಒಂದು ಸಾಲು ಸೇರಿಸಿದೆ, ಕೋಡನ್ನು ಮುಟ್ಟಬೇಕಾಗಲಿಲ್ಲ.